ತಂಗಿಯ ಪಾಲಿನ ಕ್ಷಮೆ

ಹದಿನಾಲ್ಕು ತಿಂಗಳು ನಾನು ಪ್ರಭುಭೋಜನ ತೆಗೆದುಕೊಂಡಿರಲಿಲ್ಲ. ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಅದಕ್ಕೆ ಮುಂಚೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಯಾರ ಮೇಲಾದರೂ ಕಹಿ ಇಟ್ಟುಕೊಂಡಿರುವವರು ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ ಎಂದು ಓದಿ ಹೇಳುತ್ತಾರೆ. ಎಲ್ಲರೂ ಅದನ್ನು ಕೇಳಿಸಿಕೊಂಡೇ ಎದ್ದು ಹೋಗುತ್ತಾರೆ. ನನಗೆ ಮಾತ್ರ ಕಾಲು ಏಳುತ್ತಿರಲಿಲ್ಲ. ಹೊಳೆನರಸೀಪುರದ ನಮ್ಮ ಸಭೆಯೆಂದರೆ ಮೂವತ್ತೆರಡು ಮನೆ. ಒಬ್ಬ ಬೆಂಚಿನಲ್ಲೇ ಉಳಿದರೆ ಮೂವತ್ತೆರಡು ಮನೆಗೂ ಗೊತ್ತಾಗುತ್ತದೆ.

ಕಹಿ ಇದ್ದದ್ದು ಸಂಪೂರ್ಣಕ್ಕನ ಮೇಲೆ. ಆಕೆ ರಿಟೈರಾದ ಟೀಚರು, ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಒಬ್ಬರೇ ಇರುತ್ತಾರೆ. ಸಂಡೇ ಸ್ಕೂಲಿನಲ್ಲಿ ನನಗೂ ನನ್ನ ತಂಗಿ ಸುಕೃತಾಳಿಗೂ ಪಾಠ ಹೇಳಿದವರು.

ಸುಕೃತಾಳಿಗೆ ಈಗ ಇಪ್ಪತ್ತೆಂಟು. ಚನ್ನರಾಯಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅಪ್ಪ, ಅಮ್ಮ ತೀರಿಹೋದ ಮೇಲೆ ನನ್ನ, ನನ್ನ ಹೆಂಡತಿ ವಿನೋದಿನಿಯ ಜೊತೆಗೇ ಇದ್ದವಳು. ಹಿಂದಿನ ವರ್ಷದ ಜನವರಿಯಲ್ಲಿ ಅರಕಲಗೂಡಿನ ಒಂದು ಮನೆಯಿಂದ ಅವಳಿಗೆ ಸಂಬಂಧ ಕೂಡಿ ಬಂದಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ಗಂಡು ಹೆಣ್ಣಿನ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕೇಳುವುದು ಪದ್ಧತಿ. ಮೊದಲ ಭಾನುವಾರ ಓದಿದ ಹೆಸರನ್ನು ಎರಡನೆಯ ಭಾನುವಾರ ಓದಲಿಲ್ಲ. ಮಧ್ಯದಲ್ಲಿ ಗಂಡಿನ ಚಿಕ್ಕಪ್ಪ ಫೋನು ಮಾಡಿ, ಹುಡುಗಿಗೆ ಮೂರ್ಛೆ ರೋಗವಿತ್ತಂತೆ, ನಿಮ್ಮೂರಿನ ಟೀಚರಮ್ಮನೇ ಹೇಳಿದರು, ನೀವು ಮುಚ್ಚಿಟ್ಟಿರಿ ಎಂದು ಹೇಳಿ ಇಟ್ಟುಬಿಟ್ಟಿದ್ದರು.

ಇತ್ತು ಎನ್ನುವುದು ನಿಜ. ಹನ್ನೊಂದನೆಯ ವಯಸ್ಸಿನಲ್ಲಿ ಶುರುವಾಗಿ ಹದಿನೇಳಕ್ಕೆ ನಿಂತಿತು. ಆಮೇಲೆ ಎರಡು ವರ್ಷ ಮಾತ್ರೆ, ಆಮೇಲೆ ಅದೂ ಇಲ್ಲ. ಮೊದಲ ಸಲ ಬಂದದ್ದು ಸಂಡೇ ಸ್ಕೂಲಿನಲ್ಲೇ. ಸಂಪೂರ್ಣಕ್ಕನೇ ಅವಳನ್ನು ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದ್ದರು. ಮಿಕ್ಕ ಮಕ್ಕಳಿಗೆ ಬಿಸಿಲಿಗೆ ತಲೆ ಸುತ್ತಿತು ಎಂದು ಹೇಳಿದ್ದರಿಂದ ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಆಕೆಗೆ ಒಬ್ಬರಿಗೇ. ಗಂಡಿನ ತಾಯಿ ಹಾಸನದಲ್ಲಿ ಟೀಚರ್ ಟ್ರೇನಿಂಗಿಗೆ ಸಂಪೂರ್ಣಕ್ಕನ ಜೊತೆ ಓದಿದವರಂತೆ. ಅವರು ಕೇಳಿದ್ದಾರೆ, ಇವರು ಹೇಳಿದ್ದಾರೆ.

ಮದುವೆ ನಿಂತದ್ದು ಸಭೆಗೆಲ್ಲ ಗೊತ್ತಿತ್ತು. ಯಾಕೆ ನಿಂತಿತು ಎನ್ನುವುದು ಗೊತ್ತಿರಲಿಲ್ಲ. ಸಂಪೂರ್ಣಕ್ಕ ಅದನ್ನು ಮತ್ಯಾರಿಗೂ ಹೇಳಿರಲಿಲ್ಲ ಎಂಬುದು ನನ್ನ ಬುದ್ಧಿಗೆ ಹೊಳೆದದ್ದು ಬಹಳ ತಡವಾಗಿ.

ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಸ್ವಭಾವದವನು. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಕೆಲಸ ಮುಗಿಸಿ ಐದೂಕಾಲರ ಬಸ್ಸು ಹಿಡಿದು ಹಾಸನದ ಸಂಜೆ ಕಾಲೇಜಿಗೆ ಹೋಗಿ ಮೂವತ್ತನೆಯ ವಯಸ್ಸಿಗೆ ಬಿ.ಎ. ಮುಗಿಸಿದೆ. ಇವತ್ತಿಗೂ ಒಂದು ಪತ್ರ ಕಳಿಸಬೇಕಾದರೆ ನಾಲ್ಕು ಸಲ ಓದುತ್ತೇನೆ. ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎನ್ನುವ ಸಾಲು ಬಂದಾಗ ನಾಲಗೆ ತಡೆಯುತ್ತಿತ್ತು. ಹೇಳಿದರೆ ಸುಳ್ಳು, ಬಿಟ್ಟರೆ ಪಕ್ಕದವರಿಗೆ ಗೊತ್ತಾಗುತ್ತದೆ. ತುಟಿ ಮಾತ್ರ ಆಡಿಸುತ್ತಿದ್ದೆ. ಅದು ಇನ್ನೂ ದೊಡ್ಡ ತಪ್ಪೇನೋ ಎಂದು ಮನೆಗೆ ಬಂದು ಯೋಚಿಸುತ್ತಿದ್ದೆ.

ಈ ಸಲ ಲೆಂಟ್ ಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಶುರುವಾದ ಎರಡನೆಯ ವಾರ ಹಾಸನದ ಬಸ್ ನಿಲ್ದಾಣದಲ್ಲಿ ನಾನು ಕೂತಿದ್ದ ಬಸ್ಸಿಗೇ ಸಂಪೂರ್ಣಕ್ಕ ಹತ್ತಿದರು. ಸೀಟಿರಲಿಲ್ಲ. ಅವರ ಮಂಡಿ ನೋವು ನನಗೆ ಗೊತ್ತು. ಯೋಚನೆ ಬರುವ ಮುಂಚೆಯೇ ಎದ್ದು ಜಾಗ ಕೊಟ್ಟೆ. ಚೆನ್ನಾಗಿದ್ದೀಯಾ ಎಂದು ಕೇಳಿದರು, ಚೆನ್ನಾಗಿದ್ದೀನಿ ಅಕ್ಕ ಎಂದೆ. ಬಸ್ಸು ಊರು ದಾಟಿದ ಮೇಲೆ ಗಮನಿಸಿಕೊಂಡೆ, ಎದೆಯಲ್ಲಿ ಯಾವಾಗಲೂ ಇರುತ್ತಿದ್ದ ಬಿಗಿ ಇರಲಿಲ್ಲ. ಹೊಳೆನರಸೀಪುರ ಬರುವವರೆಗೂ ಕಂಬಿ ಹಿಡಿದು ನಿಂತು ಅದನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಕ್ಷಮಿಸಿಬಿಟ್ಟಿದ್ದೇನೆ ಎಂದು ಸಂತೋಷವಾಯಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು.

ಲೆಂಟ್ ಕಾಲದಲ್ಲಿ ಬುಧವಾರಗಳಂದು ಒಂದೊಂದು ಮನೆಯಲ್ಲಿ ಪ್ರಾರ್ಥನೆ ಇರುತ್ತದೆ. ಹಾಡು, ವಾಕ್ಯ ಆದಮೇಲೆ ಯಾರಾದರೂ ಎದ್ದು ದೇವರು ತಮಗೆ ಮಾಡಿದ ಉಪಕಾರವನ್ನು ಸಾಕ್ಷಿ ಹೇಳುತ್ತಾರೆ. ಮೂರನೆಯ ವಾರ ನಮ್ಮ ಮನೆಯ ಸರದಿ. ಉಪಕಾರ ಪಡೆದು ಬಾಯಿ ಮುಚ್ಚಿಕೊಂಡಿದ್ದರೆ ಕೃತಘ್ನತೆಯಾಗುತ್ತದೆ ಎಂದು ನನಗೆ ಹೆದರಿಕೆ. ನೋಟ್‌ಬುಕ್ಕಿನಲ್ಲಿ ಸಾಕ್ಷಿ ಬರೆದುಕೊಂಡೆ. ಸಂಪೂರ್ಣಕ್ಕನ ಹೆಸರು ಬರಬಾರದೆಂದು ಬಹಳ ಎಚ್ಚರ ವಹಿಸಿದೆ. ‘ಒಬ್ಬ ಟೀಚರು’ ಎಂದಿದ್ದನ್ನು ಹೊಡೆದುಹಾಕಿ ‘ಒಬ್ಬ ಹಿರಿಯ ಸಹೋದರಿ’ ಎಂದು ಬರೆದೆ, ಆಮೇಲೆ ‘ಹಿರಿಯ’ ಎನ್ನುವುದನ್ನೂ ತೆಗೆದೆ. ಹಿಂದಿನ ಸಂಜೆ ವಿನೋದಿನಿ ಸೊಪ್ಪು ಬಿಡಿಸುತ್ತಾ, ಇದನ್ನು ಸುಕೃತಾಗೆ ಹೇಳಿದ್ದೀರಾ ಎಂದು ಕೇಳಿದಳು. ಕ್ಷಮಿಸಿರುವುದು ನಾನು, ಅವಳಿಗೆ ಇದರಲ್ಲಿ ಏನಿದೆ ಎಂದು ನಾನು ಆಶ್ಚರ್ಯಪಟ್ಟೆ. ಅವಳು ಸೊಪ್ಪಿನ ಕಡೆಗೇ ನೋಡುತ್ತಿದ್ದಳು.

ಬುಧವಾರ ಸುಕೃತಾಳಿಗೆ ಮಧ್ಯಾಹ್ನದ ಪಾಳಿ. ಇಪ್ಪತ್ತಾರು ಜನ ಬಂದಿದ್ದರು. ಸಂಪೂರ್ಣಕ್ಕ ಮಂಡಿ ನೋವಿನಿಂದ ಚಾಪೆಯ ಮೇಲೆ ಕೂರಲಾರದೆ ಬಾಗಿಲ ಪಕ್ಕ ಕುರ್ಚಿಯಲ್ಲಿದ್ದರು. ನಾನು ಎದ್ದು ನಿಂತೆ. ಬರೆದುಕೊಂಡದ್ದರಲ್ಲಿ ‘ನನ್ನ ತಂಗಿಗೆ ಚಿಕ್ಕಂದಿನಲ್ಲಿದ್ದ ಒಂದು ಕಾಯಿಲೆ’ ಎಂದಿತ್ತು. ಹೇಳುವಾಗ ಅದು ಮರೆಮಾಚಿದ ಹಾಗೆ ಕಾಣಿಸಿತು. ದೇವರ ಮುಂದೆ ಅರ್ಧ ಹೇಳುವುದು ಸರಿಯಲ್ಲ ಅನ್ನಿಸಿ ಮೂರ್ಛೆ ರೋಗ ಎಂದು ಬಾಯಿಬಿಟ್ಟೆ. ಒಬ್ಬ ಸಹೋದರಿ ಗಂಡಿನ ಕಡೆಯವರಿಗೆ ಅದನ್ನು ತಿಳಿಸಿದ್ದರಿಂದ ಮದುವೆ ನಿಂತಿತು, ಆ ನೋವನ್ನು ಹೊತ್ತಿದ್ದೆ, ಈಗ ಕರ್ತನು ಕ್ಷಮಿಸುವ ಕೃಪೆ ಕೊಟ್ಟಿದ್ದಾನೆ ಎಂದೆ. ನನ್ನ ಕಣ್ಣು ತುಂಬಿ ಬಂತು. ಎಲ್ಲರೂ ಕರ್ತನಿಗೆ ಸ್ತೋತ್ರ ಎಂದರು. ಅಯ್ಯನವರು ಬಂದು ಭುಜ ಹಿಡಿದರು. ಸಂಪೂರ್ಣಕ್ಕ ಕಾಫಿ ಕುಡಿಯದೆ ಹೊರಟುಹೋದರು. ನಾಚಿಕೆಯಾಗಿರಬೇಕು, ಪಾಪ ಎಂದುಕೊಂಡೆ.

ಆವತ್ತು ಬಹಳ ದಿನದ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಮಾರನೆಯ ದಿನ ಚನ್ನರಾಯಪಟ್ಟಣದ ಬಸ್ಸಿನಲ್ಲಿ ನಮ್ಮ ಸಭೆಯ ರೂತಮ್ಮ ಸುಕೃತಾಳ ಪಕ್ಕ ಕೂತು, ನಿಮ್ಮಣ್ಣ ಎಂಥ ಸಾಕ್ಷಿ ಹೇಳಿದರು ಕಣಮ್ಮ, ನಿನಗೆ ಇಂಥ ಕಷ್ಟ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ, ಈಗಲೂ ಬರುತ್ತಾ ಎಂದು ಕೇಳಿದ್ದಾರೆ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತಂತಲ್ಲ, ಬ್ಯಾಗಿನಲ್ಲಿ ಒಂದು ಬೀಗದ ಕೈ ಇಟ್ಟುಕೊಂಡಿರು ಎಂದೂ ಹೇಳಿದ್ದಾರೆ. ಸುಕೃತಾ ಸಂಜೆಯವರೆಗೂ ಕೆಲಸ ಮಾಡಿ ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನಾನು ಕೂತಿದ್ದ ಕುರ್ಚಿಯ ಎದುರಿಗೆ ನಿಂತಳು.

"ಕ್ಷಮಿಸೋಕೆ ನೀನ್ಯಾರಣ್ಣ?"

ನನಗೆ ಅರ್ಥವಾಗಲಿಲ್ಲ.

"ಮದ್ವೆ ನಿಂತಿದ್ದು ನಂದು. ಕಾಯ್ಲೆ ನಂದು. ಸಂಪೂರ್ಣಕ್ಕ ಒಬ್ರಿಗೆ ಹೇಳಿದ್ರು, ಅದೂ ಅವ್ರು ಕೇಳಿದ್ದಕ್ಕೆ. ನೀನು ಯಾರೂ ಕೇಳ್ದೇನೆ ಇಪ್ಪತ್ತಾರು ಜನಕ್ಕೆ ಹೇಳ್ದೆ. ಕಾಫಿ ಬೇರೆ ಕೊಟ್ಟು ಕಳ್ಸಿದೀಯ."

ಹೆಸರು ಹೇಳಲಿಲ್ಲ ಎಂದು ಶುರುಮಾಡಿದೆ. ಯಾರ ಹೆಸರು ಎಂದು ಅವಳು ಕೇಳಿದಳು. ತಪ್ಪು ಮಾಡಿದವರ ಹೆಸರನ್ನು ಅಷ್ಟೊಂದು ಜೋಪಾನ ಮಾಡಿ ನನ್ನ ತಂಗಿಯನ್ನು ಹಾಗೇ ಎತ್ತಿ ಚಾಪೆಯ ಮಧ್ಯೆ ಇಟ್ಟಿದ್ದೆ. ನಾಲ್ಕು ಸಲ ಓದಿದರೂ ಕಂಡಿರಲಿಲ್ಲ.

ನಿನಗೋಸ್ಕರವೇ ಹದಿನಾಲ್ಕು ತಿಂಗಳು ರೊಟ್ಟಿ ಮುಟ್ಟಲಿಲ್ಲ ಎಂದೆ. ಹೇಳಬಾರದಿತ್ತು.

"ನನಗೋಸ್ಕರನಾ? ನಾನು ಸಂಪೂರ್ಣಕ್ಕನ ಮನೇಲಿ ಮೂರನೇ ವಾರಕ್ಕೇ ದೋಸೆ ತಿಂದಿದೀನಿ. ಹೋಗಿ ಜಗಳ ಆಡ್ದೆ, ಅವ್ರು ಅತ್ರು, ನಾನೂ ಅತ್ತೆ, ಮುಗೀತು. ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಅದನ್ನೂ ಪ್ರಾರ್ಥನೆಗೆ ಇಡ್ತಿದ್ದೆ."

ಒಳಗೆ ವಿನೋದಿನಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಸುಕೃತಾಳ ದನಿ ಜೋರಾಗಲಿಲ್ಲ. ಜೋರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮೊದಲನೇ ವಾರ ಹೆಸರು ಓದೋ ಮುಂಚೆ ನಾನೇನಂದೆ ಗ್ಯಾಪಕ ಐತಾ? ನಾನೇ ಆ ಹುಡುಗನಿಗೆ ಹೇಳ್ತೀನಿ ಅಂದೆ. ನೀನೇ, ತಡಿ, ಮೂರು ವಾರ ಮುಗೀಲಿ ಅಂದೆ. ಅದನ್ನ ಸಾಕ್ಷೀಲಿ ಹೇಳಿದ್ಯಾ?"

ಹೇಳಿರಲಿಲ್ಲ. ಬರೆಯುವಾಗ ನೆನಪೂ ಬಂದಿರಲಿಲ್ಲ. ಅಥವಾ ಬಂದಿತ್ತೋ, ಪಕ್ಕಕ್ಕೆ ಸರಿಸಿದ್ದೆನೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

"ಆವತ್ತೇ ನಿನ್ನ ಮೇಲೆ ಸಿಟ್ಟಿತ್ತು. ಹೆದ್ರಿಕೊಂಡು ಮಾಡ್ದ, ಬಿಡು ಅಂತ ಬಿಟ್ಟೆ. ನಿಂಗೆ ಗೊತ್ತೂ ಆಗ್ಲಿಲ್ಲ" ಎಂದಳು. "ಇದನ್ನ ಬಿಡೋಕೆ ಆಗಲ್ಲಣ್ಣ. ಈಗ ಆಗಲ್ಲ."

ತಕ್ಷಣ ತಪ್ಪಾಯಿತು ಎಂದೆ. ಆವತ್ತು ರಾತ್ರಿಯ ಊಟದ ಹೊತ್ತಿಗೆ ಇನ್ನೂ ಎರಡು ಸಲ ಹೇಳಿದೆ. ಅವಳು ಸಾರು ಬಡಿಸಿಕೊಂಡು ಉಂಡಳು, ತಟ್ಟೆ ತೊಳೆದಿಟ್ಟಳು.

ಭಾನುವಾರ ಆರಾಧನೆ ಮುಗಿದ ಮೇಲೆ ಮೂವರು ಹೆಂಗಸರು ಅವಳನ್ನು ಚರ್ಚಿನ ಬಾಗಿಲಲ್ಲೇ ನಿಲ್ಲಿಸಿಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಲೆಯ ಮೇಲೆ ಕೈಯಿಟ್ಟು, ಈ ಮಗಳ ರೋಗವನ್ನು ಬೇರುಸಮೇತ ತೆಗೆದುಹಾಕು ಎಂದು ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸಿದರು. ಹನ್ನೊಂದು ವರ್ಷದಿಂದ ಇಲ್ಲದ ರೋಗ. ಆಚೆ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಸುಕೃತಾ ಕಣ್ಣು ಮುಚ್ಚಿರಲಿಲ್ಲ. ಆರು ಕೈಗಳ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಹೋಗಿ ಬಿಡಿಸಬೇಕಾಗಿತ್ತು. ಪ್ರಾರ್ಥನೆಯ ಮಧ್ಯೆ ಹೇಗೆ ಹೋಗುವುದು ಎಂದು ನಿಂತೇ ಇದ್ದೆ.

ಸೋಮವಾರ ಅವಳು ಬಟ್ಟೆ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಹೋದಳು. ಅವಳ ಜೊತೆ ಕೆಲಸ ಮಾಡುವ ನಾಗಲಕ್ಷ್ಮಿ ಎಂಬ ಹುಡುಗಿಯ ರೂಮಿನಲ್ಲಿರುತ್ತೇನೆ ಎಂದು ವಿನೋದಿನಿಗೆ ಹೇಳಿದಳಂತೆ, ಎಷ್ಟು ದಿನ ಎಂದು ಹೇಳಲಿಲ್ಲ.

ಅಲ್ಲಿಂದ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ. ಹಾಜರಿ ಪಟ್ಟಿಯಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆದೆ. ಮೆಸೇಜು ಕಳಿಸುತ್ತಿದ್ದೆ, ನೋಡಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಉತ್ತರ ಬರದಿದ್ದರೆ ಹಿಂದಿನ ಮೆಸೇಜಿನಲ್ಲೇ ಏನೋ ತಪ್ಪಿದೆ ಎಂದು ಅದನ್ನು ಸರಿಪಡಿಸಿ ಇನ್ನೊಂದು. ದೊಡ್ಡ ಗುರುವಾರ ಹತ್ತಿರ ಬರುತ್ತಿತ್ತು. ಶುಭ ಶುಕ್ರವಾರದ ಹಿಂದಿನ ಸಂಜೆ, ವರ್ಷದ ಬೇರೆಲ್ಲ ಪ್ರಭುಭೋಜನಕ್ಕಿಂತ ದೊಡ್ಡದು. ಅಷ್ಟರೊಳಗೆ ಅವಳು ಕ್ಷಮಿಸದಿದ್ದರೆ ನಾನು ಮತ್ತೆ ಬೆಂಚಿನಲ್ಲೇ. ಅಯ್ಯನವರ ಬಳಿ ಹೋಗಿ ಅವಳಿಗೆ ಒಂದು ಮಾತು ಹೇಳಿಸಿ ಎಂದು ಕೇಳಿಕೊಂಡೆ. ಅವರು, ನಾನು ಹೇಳಿದರೆ ಅವಳು ಹೂಂ ಅನ್ನಬಹುದು ಜಯಕರ, ಆದರೆ ಅದು ನನಗೆ ಅಂದ ಹೂಂ ಆಗುತ್ತದೆ ಎಂದರು.

ಎರಡು ಮೂರು ವಾರ ಹೀಗೇ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ನಾನೇ ಚನ್ನರಾಯಪಟ್ಟಣಕ್ಕೆ ಹೋದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೆ ರೂಮು. ಬಾಗಿಲು ತೆಗೆದ ನಾಗಲಕ್ಷ್ಮಿ ಶಾಂತಿಗ್ರಾಮದ ಕಡೆಯ ಹುಡುಗಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಕೃತಾ ಅಣ್ಣ ನೀವೇನಾ? ಕೂತ್ಕಳಿ ಸಾ, ಬಟ್ಟೆ ಒಣಗಾಕ್ತಾವ್ಳೆ" ಎಂದಳು. ನಾನು ಕೂತ ಮೇಲೆ, "ಒಂದಿನಕ್ಕೆ ಅನ್ನೊಂದು ಮೆಸೇಜಾ ಸಾ? ಮೊಬೈಲ್ ಕಂಪ್ನಿಯೋರೂ ಅಷ್ಟು ಕಳ್ಸಕ್ಕಿಲ್ಲ. ಅವ್ಳು ಡ್ಯೂಟೀಲಿ ಅತ್ಕಂಡು ಸೂಜಿ ಚುಚ್ಚಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೀರು ತಂದುಕೊಟ್ಟು ಕೆಳಗೆ ಅಂಗಡಿಗೆ ಹೋದಳು.

ಸುಕೃತಾ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಇಳಿದುಹೋಗಿದ್ದಳು. ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದಳು, ಚೆನ್ನಾಗಿದ್ದಾಳೆ ಎಂದೆ. ಆಮೇಲೆ ನಿನಗೇನು ಬೇಕು ಎಂದಳು.

ಕ್ಷಮಿಸಿದ್ದೀನಿ ಅಂತ ಒಂದೇ ಮಾತು ಸಾಕು ಎಂದೆ.

"ಇಷ್ಟ್ಯಾಕೆ ಅವಸರ?"

ಸುಳ್ಳು ಹೇಳಲು ಬರಲಿಲ್ಲ. ಮುಂದಿನ ವಾರ ದೊಡ್ಡ ಗುರುವಾರ ಎಂದೆ.

ಅವಳು ನಗುವ ಹಾಗೆ ಕಂಡಳು. ನಗಲಿಲ್ಲ. "ನಿಮ್ಮ ಆಫೀಸಲ್ಲಿ ಅರ್ಜಿಗೆ ಸಹಿ ಹಾಕಿಸ್ಕೋತಾರಲ್ಲ, ಹಂಗೆ ಬಂದಿದೀಯ. ನಾನು ಸಹಿ ಹಾಕಿದ್ರೆ ನೀನು ಹೋಗಿ ರೊಟ್ಟಿ ತಗೋತೀಯ. ನಂಗೇನಾಯ್ತು ಅಂತ ಒಂದ್ಸಲನಾದ್ರೂ ಕೇಳಿದೀಯಾ ಅಣ್ಣ?"

ಕೇಳಿರಲಿಲ್ಲ. ದಿನಕ್ಕೆ ಹನ್ನೊಂದು ಮೆಸೇಜಿನಲ್ಲಿ ಒಂದರಲ್ಲೂ ಕೇಳಿರಲಿಲ್ಲ. ಏನಾಯಿತು ಎಂದು ಈಗ ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, ಒಂದೊಂದಾಗಿ ಹೇಳಿದಳು. ರೂತಮ್ಮನ ಸಂಬಂಧಿಕರೊಬ್ಬರು ಇದೇ ಆಸ್ಪತ್ರೆಗೆ ಬಂದು, ಮೂರ್ಛೆ ಇರುವ ನರ್ಸು ಇವರೇನಾ ಎಂದು ಕೌಂಟರಿನಲ್ಲಿ ಕೇಳಿದ್ದರು. ಡಾಕ್ಟರು ಕರೆದು ವಿಚಾರಿಸಿದರು. ಒಳ್ಳೆಯವರು, ಏನೂ ಅನ್ನಲಿಲ್ಲ, ಆದರೆ ಆ ವಾರ ಆಪರೇಷನ್ ಕೋಣೆಯ ಡ್ಯೂಟಿಗೆ ಬೇರೆಯವರನ್ನು ಹಾಕಿದರು. ಮೆಟ್ಟಿಲು ಇಳಿಯುವಾಗ ಯಾರೋ ಒಬ್ಬರು ಅವಳ ತೋಳು ಹಿಡಿದುಕೊಂಡರು. ಹದಿನೇಳನೆಯ ವಯಸ್ಸಿನಲ್ಲಿ ಬಿಟ್ಟುಬಂದದ್ದರೊಳಕ್ಕೆ ಮತ್ತೆ ತಳ್ಳಿದ ಹಾಗಿದೆ ಎಂದಳು.

"ಈಗ ಹೂಂ ಅಂದ್ರೆ ಸುಳ್ಳಾಗುತ್ತೆ. ಇಲ್ಲ ಅಂದ್ರೆ ನೀನು ಊಟ ಬಿಡ್ತೀಯ. ಸ್ವಲ್ಪ ದಿನ ನನ್ನ ಪಾಡಿಗೆ ಬಿಡು. ಅಷ್ಟು ಮಾಡೋಕಾಗುತ್ತಾ ನಿಂಗೆ?"

ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಸಲ ಫೋನು ತೆಗೆದೆ, ಮೂರು ಸಲ ಜೇಬಿಗೆ ಹಾಕಿದೆ.

ಮಾರನೆಯ ದಿನ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಮಧ್ಯಾಹ್ನ ಸಂಪೂರ್ಣಕ್ಕನ ಮನೆಗೆ ಹೋದೆ. ಹದಿನಾಲ್ಕು ತಿಂಗಳ ಮೇಲೆ ಆ ಮೆಟ್ಟಿಲು ಹತ್ತಿದ್ದೆ. ಆಕೆ ತಾರಸಿಯ ಮೇಲೆ ಒದ್ದೆ ಪಂಚೆ ಹರಡಿಕೊಂಡು ಸಂಡಿಗೆ ಇಡುತ್ತಿದ್ದರು. ನಾನು ನಿಂತುಕೊಂಡೇ ಕ್ಷಮೆ ಕೇಳಿದೆ. ಕೂತುಕೊಂಡು ಆ ತುದಿಯಿಂದ ಇಡು, ಬಿಸಿಲು ಹೋಗುತ್ತದೆ ಎಂದು ಹಿಟ್ಟಿನ ಪಾತ್ರೆ ನನ್ನ ಕಡೆ ತಳ್ಳಿದರು.

ಇಡುತ್ತಾ ನನ್ನ ಯೋಚನೆ ಹೇಳಿದೆ. ಬುಧವಾರದ ಕೊನೆಯ ಮನೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಎದ್ದು, ನಾನು ಸುಕೃತಾಳಿಗೂ ನಿಮಗೂ ಮಾಡಿದ್ದು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ, ಮೂರ್ಛೆ ಈಗ ಇಲ್ಲ ಎಂದೂ ಹೇಳುತ್ತೇನೆ, ಬರೆದುಕೊಂಡಿದ್ದೇನೆ ಎಂದೆ.

ಸಂಪೂರ್ಣಕ್ಕ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು.

"ಇನ್ನೊಂದ್ಸಲ ಎದ್ದೇಳ್ತೀಯಾ? ಲೋ ಜಯಕರ, ಕೂತ್ಕಳೋದು ಕಲ್ತ್ಕೊಳೋ. ಇಪ್ಪತ್ತಾರು ಜನದಲ್ಲಿ ಆರು ಜನ ಆಗ್ಲೇ ಮರ್ತವ್ರೆ. ಅವ್ರಿಗೂ ಗ್ಯಾಪಕ ಮಾಡಿ ಬತ್ತೀಯಾ?"

ಹಾಗಾದರೆ ನಾನೇನು ಮಾಡಬೇಕು ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸಂಡಿಗೆ ಇಟ್ಟರು. ಆಮೇಲೆ ತಮ್ಮ ವಿಷಯ ಹೇಳಿದರು. ಅರಕಲಗೂಡಿನಾಕೆ ಫೋನು ಮಾಡಿದಾಗ, ಹುಡುಗಿಯನ್ನೇ ಕೇಳಿ ಎನ್ನಬಹುದಿತ್ತು. ಸತ್ಯ ಹೇಳಬೇಕಲ್ಲ ಎಂದು ಹೇಳಿದೆ ಅಂತ ನನಗೆ ನಾನೇ ಅಂದುಕೊಳ್ಳುತ್ತೇನೆ, ಆದರೆ ಇಷ್ಟು ಜನರಿರುವಾಗ ನನ್ನನ್ನು ಕೇಳಿದರಲ್ಲ ಎಂಬ ಹೆಮ್ಮೆ ನಾಲಗೆಯ ಮೇಲಿತ್ತು ಎಂದರು. ಸುಕೃತಾ ಬಂದು ಜಗಳವಾಡಿದ ದಿನ ಅದನ್ನೂ ಒಪ್ಪಿಕೊಂಡಿದ್ದರಂತೆ. ಅವಳು ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಿಯೇ ಇಲ್ಲವಂತೆ. ಹಸಿವಾಗುತ್ತಿದೆ, ಹಿಟ್ಟಿದೆಯಾ ಎಂದು ಕೇಳಿ ತಾನೇ ಹೋಗಿ ಕಾವಲಿ ಇಟ್ಟಳಂತೆ.

"ನೀನು ಬೆಂಚಲ್ಲಿ ಕೂತಿದ್ಯಲ್ಲ, ಅದೂ ಸಾಕ್ಷೀನೇ ಕಣೋ" ಎಂದರು. "ತಿಂಗ್ಳು ತಿಂಗ್ಳೂ ನಾನು ರೊಟ್ಟಿ ತಗೊಂಡು ತಿರುಗಿದ್ರೆ ನಿನ್ನ ಮುಖ. ಗಂಟ್ಲಲ್ಲಿ ಇಳೀತಿರ್ಲಿಲ್ಲ ನಂಗೆ."

ನಾನು ಅದನ್ನು ಎಂದೂ ಆ ಕಡೆಯಿಂದ ನೋಡಿರಲಿಲ್ಲ. ತಪ್ಪಾಯಿತು ಅಕ್ಕ ಎಂದೆ.

"ನಾನೂ ನಿನ್ನ ಇನ್ನೂ ಪೂರ್ತಿ ಕ್ಷಮಿಸಿಲ್ಲ. ಸ್ವಲ್ಪ ಆಗೈತೆ" ಎಂದರು. "ಅಂತರ ಬಿಟ್ಟು ಇಡು, ಒಂದಕ್ಕೊಂದು ಅಂಟ್ಕೋತಾವೆ."

ಬುಧವಾರ ಹೋದೆ. ಸಾಕ್ಷಿ ಹೇಳುವವರು ಹೇಳಬಹುದು ಎಂದಾಗ ಎರಡು ಮೂರು ಮುಖ ನನ್ನ ಕಡೆ ತಿರುಗಿದವು. ಮೊಣಕಾಲು ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಎರಡೂ ಕೈಯಿಂದ ಚಾಪೆಯ ಅಂಚು ಹಿಡಿದುಕೊಂಡು ಕೂತಿದ್ದೆ. ಬೇರೆ ಯಾರೋ ಎದ್ದು ಮಗನ ಪರೀಕ್ಷೆಯ ವಿಷಯ ಹೇಳಿದರು. ಹೊರಡುವಾಗ ರೂತಮ್ಮ, ತಂಗಿಗೆ ಈಗ ಹೇಗಿದೆ, ಮತ್ತೆ ಬಂತಾ ಎಂದು ಕೇಳಿದರು. ಅದು ಅವಳ ವಿಷಯ ರೂತಮ್ಮ, ನಾನು ಆವತ್ತು ಹೇಳಿದ್ದೇ ತಪ್ಪು ಎಂದೆ. ಆಕೆಯ ಮುಖ ಸಣ್ಣದಾಯಿತು. ಆಕೆಗೂ ನೋವು ಮಾಡಿದೆನೇನೋ ಎಂದು ಮನೆಯವರೆಗೂ ಯೋಚಿಸುತ್ತಾ ಬಂದೆ.

ದೊಡ್ಡ ಗುರುವಾರದ ಆರಾಧನೆ ಸಂಜೆ ಆರಕ್ಕೆ. ಕೆಲಸದ ದಿನವಾದ್ದರಿಂದ ಜನ ಕಡಿಮೆ. ನಮ್ಮಲ್ಲಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಮಧ್ಯೆ ದಾರಿ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ವಿನೋದಿನಿ ಮುಂದೆ ಸಂಪೂರ್ಣಕ್ಕನ ಪಕ್ಕದಲ್ಲಿದ್ದಳು. ಎರಡನೆಯ ಹಾಡಿನ ಹೊತ್ತಿಗೆ ಹಿಂದೆ ಬಾಗಿಲು ಸದ್ದಾಯಿತು. ಸುಕೃತಾ ಆಸ್ಪತ್ರೆಯ ಬಟ್ಟೆಯಲ್ಲೇ ಬಂದು, ದಾರಿಯ ಆಚೆ ಕೊನೆಯ ಬೆಂಚಿನಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ. ಉಳಿದ ಹಾಡಿನಲ್ಲಿ ನಾನು ಯಾವ ಸಾಲಿನಲ್ಲಿದ್ದೆನೋ ನನಗೆ ತಿಳಿಯಲಿಲ್ಲ.

ರೊಟ್ಟಿ ಮುರಿಯುವ ಮುಂಚೆ ನಮ್ಮ ಆರಾಧನೆಯಲ್ಲಿ ಸಮಾಧಾನ ಹಂಚುತ್ತಾರೆ. ಅಯ್ಯನವರಿಂದ ಹೊರಟು ಕೈಯಿಂದ ಕೈಗೆ ಹಿಂದಿನ ಬೆಂಚಿನವರೆಗೂ ಬರುತ್ತದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಹಚ್ಚುತ್ತಾರೆ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಆವತ್ತು ಗಂಡಸರ ಕಡೆ ಮಧ್ಯದ ಬೆಂಚುಗಳೆಲ್ಲ ಖಾಲಿ. ಮುಂದಿದ್ದವರು ಪರಸ್ಪರ ಕೊಟ್ಟುಕೊಂಡು ಮುಗಿಸಿದರು. ಹಿಂದೆ ಒಬ್ಬ ಇದ್ದಾನೆಂದು ಯಾರಿಗೂ ಹೊಳೆಯಲಿಲ್ಲ. ಆ ಕಡೆ ಒಬ್ಬರಿಂದ ಒಬ್ಬರಿಗೆ ಬಂದು ಕೊನೆಗೆ ಸುಕೃತಾಳಿಗೆ ಸಿಕ್ಕಿತು. ಅವಳ ಹಿಂದೆ ಯಾರೂ ಇರಲಿಲ್ಲ. ಅವಳು ಅಲ್ಲಿಗೆ ನಿಲ್ಲಿಸಿ ಕೂರಬಹುದಿತ್ತು.

ಒಂದು ಗಳಿಗೆ ನಿಂತಿದ್ದಳು. ಆಮೇಲೆ ದಾರಿ ದಾಟಿ ಬಂದಳು. ಅವಳ ಕೈ ತಣ್ಣಗಿತ್ತು, ಆಸ್ಪತ್ರೆಯ ಸೋಪಿನ ವಾಸನೆ. ಸಮಾಧಾನ ಎಂದಳು, ಎಲ್ಲರೂ ಅನ್ನುವಷ್ಟೇ ದನಿಯಲ್ಲಿ. ನಾನೂ ಅಂದೆ. ಅವಳು ಕಣ್ಣೆತ್ತಲಿಲ್ಲ. ಕೈ ಬಿಟ್ಟು ತನ್ನ ಬೆಂಚಿಗೆ ಹೋದಳು.

ಇದು ಕ್ಷಮೆಯೋ, ಉಳಿದಿರುವವನಿಗೆ ಕೊಡಲೇಬೇಕಾದ ಪದ್ಧತಿಯೋ ನನಗೆ ಗೊತ್ತಾಗಲಿಲ್ಲ. ಆಚೆ ಹೋಗಿ ಕೇಳಬೇಕೆನ್ನಿಸುತ್ತಿತ್ತು. ಜನ ಎದ್ದು ಮುಂದೆ ಹೋಗತೊಡಗಿದರು. ಸಂಪೂರ್ಣಕ್ಕ ವೇದಿಯ ಮುಂದಿನ ಕಟಕಟೆ ಹಿಡಿದು ಕಷ್ಟಪಟ್ಟು ಮೊಣಕಾಲೂರಿದರು. ಸುಕೃತಾ ಹೋದಳು. ನಾನು ಬೆಂಚಿನಲ್ಲಿ ಕೂತರೆ, ಅವಳು ತಿರುಗಿದಾಗ ಕಾಣುವುದು ನನ್ನ ಮುಖ. ಎದ್ದು ಹೋದರೆ, ತಂಗಿಯ ಬಾಯಿಂದ ಹೂಂ ಎನ್ನಿಸಿಕೊಳ್ಳದೆ ಹೋದವನು. ಎರಡರಲ್ಲಿ ಯಾವುದು ಸರಿ ಎಂದು ಇವತ್ತಿಗೂ ಖಾತ್ರಿಯಿಲ್ಲ. ಎದ್ದೆ. ಎಲ್ಲರ ಹಿಂದೆ, ಕೊನೆಯವನಾಗಿ ಹೋದೆ. ಕೈ ಚಾಚಿದೆ. ಅಯ್ಯನವರು ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟು, ಬೀಳದ ಹಾಗೆ ನನ್ನ ಬೆರಳು ಮಡಿಸಿದರು.

ಆರಾಧನೆ ಮುಗಿದ ಮೇಲೆ ಸುಕೃತಾ ವಿನೋದಿನಿಯ ಜೊತೆ ಗೇಟಿನ ಬಳಿ ನಿಂತಿದ್ದಳು. ಮನೆಗೆ ಬಾ ಎಂದು ವಿನೋದಿನಿ ಕರೆದಿದ್ದಳೆಂದು ಕಾಣುತ್ತದೆ, ಅವಳು ತಲೆಯಾಡಿಸುತ್ತಿದ್ದಳು. ಬೆಳಿಗ್ಗೆ ಡ್ಯೂಟಿ, ಎಂಟರ ಬಸ್ಸಿಗೆ ಹೋಗುತ್ತೇನೆ ಎಂದಳು. ಬಸ್ ನಿಲ್ದಾಣದವರೆಗೂ ಅವಳ ಜೊತೆ ನಡೆದೆ. ಬರಬೇಡ ಎನ್ನಲಿಲ್ಲ. ದಾರಿಯಲ್ಲಿ ಅವಳ ಕೆಲಸದ ವಿಷಯ ಕೇಳಿದೆ. ಆಪರೇಷನ್ ಕೋಣೆಗೆ ಮತ್ತೆ ಹಾಕಿದ್ದಾರೆ ಎಂದಳು. ಒಳ್ಳೆಯದಾಯಿತು ಎಂದೆ. ಇನ್ನೇನು ಹೇಳಿದರೂ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿದ್ದರಿಂದ ಸುಮ್ಮನೆ ನಡೆದೆ.

"ಕೇಳ್ಬೇಡ" ಎಂದಳು, ನಿಲ್ದಾಣ ಹತ್ತಿರ ಬಂದಾಗ.

"ನಾನೇನೂ ಕೇಳ್ಲಿಲ್ವಲ್ಲ."

"ಮುಖ ಕೇಳ್ತಾ ಐತೆ."

ಮುಖ ಬೇರೆ ಕಡೆ ತಿರುಗಿಸಿಕೊಂಡೆ. ಬಸ್ಸು ಬಂದು ನಿಂತಿತ್ತು. ಅವಳು ಹತ್ತಿ ಕಿಟಕಿಯ ಬಳಿ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡಳು. ಡ್ರೈವರು ಇಂಜಿನ್ ಶುರುಮಾಡಿದ ಮೇಲೆ ಕಿಟಕಿಯಿಂದ ಬಗ್ಗಿದಳು.

"ಭಾನುವಾರ ಈಸ್ಟರಿಗೆ ಬತ್ತೀನಿ. ನಿಂಗೋಸ್ಕರ ಅಲ್ಲ, ಹಾಡೋಕೆ ಜನ ಇಲ್ವಂತೆ."

ಎಷ್ಟು ಗಂಟೆಗೆ ಎಂದು ಕೇಳಲು ಬಾಯಿ ತೆರೆದು, ಮುಚ್ಚಿದೆ. ಬಸ್ಸು ಹೊರಟಿತು. ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಮನೆಯ ಕಡೆ ನಡೆದೆ. ಹೂಂ ಎನ್ನುವ ಮಾತು ಸಿಕ್ಕಿರಲಿಲ್ಲ. ಸಿಗುವ ದಿನ ಯಾವುದೆಂದು ಅವಳೇ ಗೊತ್ತುಮಾಡಬೇಕು. ಅಲ್ಲಿಯವರೆಗೂ ಕಾಯುವುದು ನನ್ನ ಪಾಲಿಗೆ ಬಂದ ಕೆಲಸ ಎಂದು ಹೇಳಿಕೊಂಡೆ. ಮನೆ ಬರುವವರೆಗೆ ಅದನ್ನು ಏಳೆಂಟು ಸಲ ಹೇಳಿಕೊಳ್ಳಬೇಕಾಯಿತು.